ಟಂಕಸಾಲೆಯ ಮಣ್ಣು

"ಇದು ಟಂಕಸಾಲೆ ಸಾರ್, ನಾಣ್ಯ ಹುಯ್ಯುತ್ತಿದ್ದ ಜಾಗ" ಎಂದರೆ
"ಬಂಗಾರ ಎಲ್ಲಿ?" ಎನ್ನುತ್ತಾರೆ ಎಲ್ಲರೂ.
ದಿನಕ್ಕೆ ನಾಲ್ಕು ಸಲ. ರಜೆಯಲ್ಲಿ ಹತ್ತು.
ನಾನು ಮುರಿದ ಗೋಡೆಯ ಕಡೆ ಬೆರಳು ತೋರಿಸುತ್ತೇನೆ.
ಅಲ್ಲೊಂದು ಓತಿಕ್ಯಾತ ಬಿಸಿಲಿಗೆ ತಲೆಯಾಡಿಸುತ್ತದೆ,
ಹೌದು ಹೌದು ಎಂಬಂತೆ.

ಎಣ್ಣೆಕೊಳ ಆಯಿತು, ಅಕ್ಕತಂಗಿ ಹೊಂಡ ಆಯಿತು.
ಮೊನ್ನೆ ಹರಿಹರದ ಕಡೆಯ ಒಬ್ಬಾಕೆ
ಇಲ್ಲೇ ಸೆಲ್ಫಿಗೆ ಸೆರಗು ಸರಿಮಾಡುವಾಗ
ಮೂಗುಬೊಟ್ಟು ಉದುರಿತು.
ಬಸ್ಸಿಗೆ ಬಸ್ಸೇ ಬಗ್ಗಿ ಹುಡುಕಿತು.
ಕೆಳಗೆ ಡ್ರೈವರ್ ಹಾರನ್ ಹೊಡೆದ.

ಅಜ್ಜಿಗೆ ಫೋನು ಮಾಡಿದೆ.

ಅಜ್ಜಿ ಗಾದ್ರಮ್ಮ, ಜಲಗಾರ್ತಿ.
ಐವತ್ತು ವರ್ಷ ಅಕ್ಕಸಾಲಿಗರ ಓಣಿಯ ಚರಂಡಿ ಬಳಿದು
ಮರಿಗೆಯಲ್ಲಿ ಆಡಿಸಿ ಆಡಿಸಿ
ರಾಗಿಯ ಕಾಲುಭಾಗದಷ್ಟು ಹೊಳಪು ಎತ್ತಿದವಳು.
ನನ್ನ ಕಾಲೇಜು ಫೀಜು, ಈ ಬಿಳಿ ಅಂಗಿ,
ಎಲ್ಲ ಆ ಕೆಸರಿನದೇ.

ಆಟೋದಲ್ಲಿ ಮರಿಗೆ ತಬ್ಬಿಕೊಂಡು ಬಂದಳು.
ಟಿಕೇಟು ಕೇಳಿದವನಿಗೆ "ನಾನೇನು ನೋಡಾಕ್ ಬಂದೀನಾ?" ಅಂದಳಂತೆ.
ಅಂಗೈಯಲ್ಲಿ ಮಣ್ಣು ಗುಡಿಸಿ, ಹೊಂಡದ ನೀರು ಹುಯ್ದು,
ಒಮ್ಮೆ ಬಲಕ್ಕೆ, ಒಮ್ಮೆ ಎಡಕ್ಕೆ...
ಸಿಕ್ಕಿತು.
ಉಗುರಲ್ಲಿ ಕೆರೆದು, ಕಣ್ಣ ಹತ್ತಿರ ಹಿಡಿದು
ನನ್ನನ್ನು ನೋಡಿದಳು.
ಗಿಲೀಟು.
"ಜ್ವಾಪಾನ ಕಣವ್ವ, ಬಂಗಾರ" ಎಂದು
ಆಕೆಯ ಕೈಯಲ್ಲಿಟ್ಟು ಬೆರಳು ಮಡಚಿದಳು.

ಐನೂರರ ನೋಟು ಬೇಡವೆಂದಳು.
ಮರಿಗೆಯ ತಳದಲ್ಲಿ ಉಳಿದ ಕರಿಮರಳನ್ನು ಮಾತ್ರ
ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.

ರಾತ್ರಿ ಹಿತ್ತಲಲ್ಲಿ ನೀರಾಡುವ ಸದ್ದು.
ಏನಾದರೂ ಇತ್ತಾ ಎಂದು ಕೇಳಲು ಎದ್ದೆ.
ಯಾಕೋ, ಚಿಲಕದ ಮೇಲೆ ಕೈಯಿಟ್ಟು
ಹಾಗೇ ನಿಂತೆ.