ನೋಡಲು ಹೋಗುವಾಗ

ದೊಡ್ಡಾಸ್ಪತ್ರೆಗೆ ಯಾರನ್ನೇ ನೋಡಲು ಹೋಗಲಿ
ನಾನು ಸೀಬೆಹಣ್ಣು ಒಯ್ದವಳಲ್ಲ.
ಇಲಿಯಾಸನ ಅಂಗಡಿಯ ಬಿಳಿ ದೀಪದಡಿ
ಸೇಬುಗಳು ಸಾಲಾಗಿ ಕೂತಿರುತ್ತವೆ
ಬಲೆಬಲೆಯ ಬನಿಯನ್ನು ತೊಟ್ಟು,
ಒಂದೊಂದರ ಹಣೆಗೂ ಒಂದು ಸ್ಟಿಕ್ಕರು.
ಯಾವ ದೇಶವೋ, ಕನ್ನಡಕ ಹಾಕಿದರೂ ಕಾಣದಷ್ಟು ಸಣ್ಣಕ್ಷರ.
ಆರು ಕೊಡಪ್ಪ, ಅನ್ನುತ್ತೇನೆ.
ತಕ್ಕಡಿ ಕೆಂಪು ಅಂಕಿಯಲ್ಲಿ ರೇಟು ಹೇಳುತ್ತದೆ.
ತಕ್ಕಡಿಯ ಜೊತೆ ಯಾರು ಚೌಕಾಸಿ ಮಾಡುತ್ತಾರೆ?

ಚೌಕಾಸಿ ಏನಿದ್ದರೂ ಎದುರಿನ ಫುಟ್‌ಪಾತಿನಲ್ಲಿ,
ಗೋಣಿ ಹಾಸಿ ಕೂತ ಪುಟ್ಟಸಿದ್ದಮ್ಮನ ಹತ್ತಿರ.
ಇಲವಾಲದಾಚೆ ಅವಳ ಹಿತ್ತಿಲಿನ ಸೀಬೆ,
ಅಳಿಲು ಕಚ್ಚಿದ್ದು ಬೇರೆ ಗುಡ್ಡೆ, ಅದಕ್ಕೆ ಅರ್ಧ ರೇಟು.
ಅದರಲ್ಲೂ ಐದು ರೂಪಾಯಿ ಇಳಿಸಿ,
ಒಂದನ್ನು ನಾಲ್ಕು ಸೀಳು ಮಾಡಿಸಿ,
ಉಪ್ಪುಖಾರ ಸವರಿಸಿಕೊಂಡು ನಿಂತೇ ತಿಂದು,
ಸೆರಗಿಗೆ ಕೈ ಒರೆಸಿ
ರೋಗಿಯ ಮುಂದೆ ಸೇಬು ಇಡಲು ಹೋಗುತ್ತೇನೆ.

ಒಮ್ಮೆ ಕೇಳಿದಳು:
ಆ ಕವರಲ್ಲಿ ಮಣ್ಣಬಣ್ಣಕ್ಕೆ, ಕೂದಲು ಕೂದಲು, ಅದೇನವ್ವ?
ಕಿವಿ, ಅಂದೆ.
ಯಾರ್ದು? ಅಂದಳು.
ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕೂ ನಕ್ಕೂ,
ಕಿವಿ ಕಿತ್ಕಂಡು ಮಾರೋ ಕಾಲ ಬಂತಲ್ಲಪ್ಪೋ ಅಂತ
ಪಕ್ಕದ ಹೂವಿನವಳಿಗೂ ಕೂಗಿ ಹೇಳಿದಳು.
ಸುಳ್ಳೇಕೆ, ಕಿವಿ ನನಗೂ ಸೇರುತ್ತದೆ.
ಚಮಚದಲ್ಲಿ ಕೆರೆದು ತಿಂದರೆ ಹುಳಿಸಿಹಿ.
ಅವಳಿಗೆ ಅದನ್ನು ಹೇಳಲಿಲ್ಲ.

ಆಷಾಢದಲ್ಲಿ ನಾನೇ ಮಲಗಿದೆ.
ಪಿತ್ತಕೋಶದಲ್ಲಿ ಕಲ್ಲು.
ನೋಡಲು ಬಂದರು ಎಲ್ಲರೂ,
ಆಫೀಸಿನವರು, ಭಜನೆ ಮಂಡಳಿಯವರು,
ಮಾತು ಬಿಟ್ಟಿದ್ದ ಓರಗಿತ್ತಿಯೂ.
ಮೂರನೇ ದಿನಕ್ಕೆ ಮಂಚದ ಕೆಳಗೆ ಮೂವತ್ತೊಂದು ಸೇಬು.
ಸಿಸ್ಟರ್ ಫಿಲೋಮಿನಾ ಕಾಲಲ್ಲಿ ಕವರು ಒಳಗೆ ತಳ್ಳಿ
ಅಂಗಡಿ ಇಡ್ತೀರಾ ಅಮ್ಮಾ, ಅಂದರು.
ಅದರಲ್ಲೊಂದು ಕವರಿನ ಮೇಲೆ
"ವಾರ್ಡ್ ನಾಲ್ಕು, ಬೆಡ್ ಹನ್ನೊಂದು" ಎಂದಿತ್ತು,
ನನ್ನದೇ ಕೈಬರಹ.
ತಿಂಗಳ ಹಿಂದೆ ಲೋಕಪಾವನಿಯ ಅತ್ತೆಗೆ ನಾನು ಒಯ್ದಿದ್ದು
ಯಾರ್ಯಾರ ಫ್ರಿಜ್ಜಿನಲ್ಲಿ ತಂಗಿತ್ತೋ,
ಊರೆಲ್ಲ ನೋಡಿಕೊಂಡು ಬಂದಿತ್ತು.
ಒಂದು ಸುಕ್ಕಿಲ್ಲ, ಅದೇ ಹೊಳಪು.
ನನಗಿಂತ ಅದೇ ಗಟ್ಟಿಯಾಗಿತ್ತು.

ನಾಲಿಗೆ ಸತ್ತಿತ್ತು.
ರಸಬಾಳೆ ಒಂದು ಸಿಕ್ಕಿದ್ದರೆ, ಅಂದೆ ನಮ್ಮವರಿಗೆ.
ಮಾರ್ಕೆಟ್ಟೆಲ್ಲ ಸುತ್ತಿ ಬರಿಗೈಲಿ ಬಂದು
ಸ್ಟೂಲಿನ ಮೇಲೆ ಕೂತು ಹೇಳಿದರು:
ನ್ಯೂಜಿಲೆಂಡಿಂದು ಇದೆ. ನಂಜನಗೂಡಿಂದು ಇಲ್ಲ.
ಬಸ್ಸಿನಲ್ಲಿ ಮುಕ್ಕಾಲು ಗಂಟೆಯ ದಾರಿ.
ನಾನು ಗೋಡೆಯ ಕಡೆ ತಿರುಗಿ
ಅಜ್ಜಿಯ ಟ್ರಂಕು ನೆನೆದೆ.
ಚಿಪ್ಪು ಹಣ್ಣಾಗಲೆಂದು ಅದರೊಳಗೆ ಇಡುತ್ತಿದ್ದಳು,
ಅವಳ ಮದುವೆ ಸೀರೆಗೂ ಅದೇ ವಾಸನೆ.

ಶ್ರಾವಣದಲ್ಲಿ ಎದ್ದು ಓಡಾಡುವಂತಾಗಿ ಹೋದರೆ
ಗೋಣಿಯ ಮೇಲೆ ಸೀಬೆ ಇದೆ, ಅವಳಿಲ್ಲ.
ಹೂವಿನವಳು ಗದ್ದದಲ್ಲೇ ತೋರಿಸಿದಳು.
ಪುಟ್ಟಸಿದ್ದಮ್ಮ ಇಲಿಯಾಸನ ದೀಪದಡಿ ನಿಂತಿದ್ದಳು
ಚಪ್ಪಲಿ ಹೊರಗೆ ಬಿಟ್ಟು.
ಮಗಳಿಗೆ ಚೆಲುವಾಂಬದಲ್ಲಿ ಹೆರಿಗೆ, ಗಂಡು.
ಎರಡು ಸೇಬು ತೂಗಿಸಿ,
ಅಂಕಿ ನೋಡಿ, ಒಂದು ಮಾತೂ ಆಡದೆ,
ಎಲೆಯಡಿಕೆ ಚೀಲದಿಂದ ನೋಟು ಬಿಡಿಸಿ ಬಿಡಿಸಿ ಕೊಟ್ಟಳು.
ನಿನ್ನ ಸೀಬೆ? ಅಂದೆ.
ಬಾಣಂತಿಗೆ ಸೀಬೆ ಕೊಟ್ಟಾರಾ? ಸೀತ ಆಯ್ತದೆ ಕನವ್ವ.
ಅಲ್ಲದೆಯ, ಅಂದು ದನಿ ಇಳಿಸಿ,
ಬೀಗರು ಬತ್ತಾವ್ರೆ.

ರಸ್ತೆ ದಾಟಿ ಬಂದು
ಒಂದು ಸೇಬಿನ ಸ್ಟಿಕ್ಕರು ಉಗುರಲ್ಲಿ ಎಬ್ಬಿಸಿ
ಗುಡ್ಡೆಯ ದೊಡ್ಡ ಸೀಬೆಗೆ ಅಂಟಿಸಿ
ತಕಳಿ, ನಿಮಗೂ ಫಾರಿನ್ನು, ಅಂದಳು.
ದುಡ್ಡು ಮುಟ್ಟಲಿಲ್ಲ.

ಬೀಜದ ಹಣ್ಣು ಬೇಡ ಅಂದಿದ್ದರು ಡಾಕ್ಟರು.
ಬಸ್ಸಿನಲ್ಲಿ ಕೂತು ಕಚ್ಚಿದೆ.
ಸ್ಟಿಕ್ಕರು ಬಿಟ್ಟುಕೊಂಡು ಹೆಬ್ಬೆರಳಿಗೆ ಹತ್ತಿತು,
ಕೊಡವಿದರೆ ತೋರುಬೆರಳಿಗೆ,
ಒರೆಸಿದರೆ ಫ್ರೀ ಟಿಕೆಟ್ಟಿಗೆ,
ಟಿಕೆಟ್ಟಿನಿಂದ ಮತ್ತೆ ಹೆಬ್ಬೆರಳಿಗೆ.
ಸ್ಟಾಪು ಬಂದಾಗಲೂ ಬಿಡಿಸುತ್ತಲೇ ಇದ್ದೆ.