ಬುಟ್ತು, ಬಂತ್ರೀ

ಮಂಡಕಳ್ಳಿಯಿಂದ ಹುಬ್ಬಳ್ಳಿಗೆ
ನಕ್ಷೆಯ ಮೇಲೆ ಸ್ಕೇಲಿಟ್ಟು ಗೆರೆ ಎಳೆದರೆ
ನಾನೂರು ಕಿಲೋಮೀಟರಿಗೆ ಚೂರು ಕಮ್ಮಿ.
ಗಾಳಿ ಒಪ್ಪಿದರೆ ಒಂದು ಗಂಟೆ ಹತ್ತು ನಿಮಿಷ,
ಒಪ್ಪದಿದ್ದರೆ ಇನ್ನೂ ಹತ್ತು.
ಇದು ಆಫೀಸಿನವರ ಲೆಕ್ಕ.

ನಾನು ಪೆಟ್ಟಿಗೆ ಎತ್ತುವವನು.
ಫ್ಯಾನು ತಿರುಗಿ, ಅಂಚಿನ ಹುಲ್ಲೆಲ್ಲ ಮಲಗಿ,
ಬೆಟ್ಟವನ್ನು ಬಲಕ್ಕೆ ಬಿಟ್ಟು ಅದು ಸಣ್ಣಗಾದ ಮೇಲೆ
ಕಿವಿಯ ಹತ್ತಿ ತೆಗೆದು ಫೋನು ಹಚ್ಚುತ್ತಿದ್ದೆ:
'ಬುಟ್ತು ಕಣಣ್ಣ. ಇಪ್ಪತ್ತು ಪೆಟ್ಗೆ, ಒಂದು ತೊಟ್ಲು.'
ಆ ಕಡೆ ಮೌಲಾಸಾಬ ನದಾಫ:
'ಬಿಡ್ರಿ, ಬರ್ಲಿ.'

ಆಮೇಲಿನ ಒಂದು ಗಂಟೆ ಹತ್ತು ನಿಮಿಷ ನನ್ನದು.
ಗೇಟಿನಾಚೆ ಒಂದು ಟೀ.
ಚಾಮರಾಜನಗರದ ರೈಲು ಹೋಗುವುದು.
ರನ್‌ವೇ ಮೇಲೆ, ತಮ್ಮಪ್ಪನ ಗದ್ದೆ ಎಂಬಂತೆ,
ಎರಡು ನವಿಲು ಬಂದು ನಿಲ್ಲುವುದು.
ಇಷ್ಟು ಹೊತ್ತಿನಲ್ಲಿ ನಾನಾದರೆ
ಎರಡು ಬಸ್ಸು ಹತ್ತಿಳಿದೂ
ಬನ್ನೂರಿನ ಮಾವನ ಮನೆಯ ಜಗುಲಿ ಮುಟ್ಟಲಾರೆ;
ಅಲ್ಲಿ ನೋಡಿದರೆ ಫೋನು ಅಲುಗುತ್ತದೆ:
'ಬಂತ್ರೀ ಚೆಲುವಣ್ಣಾರ. ತೊಟ್ಟಲಾನೂ ಮುಟ್ಟೇತಿ.'

ಮೂರು ವರ್ಷ. ಮುಖ ನೋಡಿದ್ದಿಲ್ಲ.
ದನಿಯ ಮೇಲೆ ಎತ್ತರದ ಆಳು ಅಂದುಕೊಂಡಿದ್ದೇನೆ.
ಅವನ ಮಗಳ ಬಾಣಂತನ ನನಗೆ ಗೊತ್ತು,
ನನ್ನ ಮೊಣಕಾಲು ಅವನಿಗೆ.
ನನ್ನ 'ಕಣಣ್ಣ' ಕೇಳಿದರೆ ನಗುತ್ತಾನೆ,
ನಗಲಿ ಎಂದೇ ಎರಡು ಸಲ ಹೇಳುತ್ತೇನೆ.

ಒಂದು ದಿನ: 'ಹತ್ತೊಂಬತ್ತ ಅದಾವ್ರಿ.'
ಎದೆ ಧಸಕ್ಕೆಂದಿತು.
ಹುಡುಕಿದರೆ ಇಪ್ಪತ್ತನೆಯದು
ಟ್ರಾಲಿಯ ಹಿಂದೆ ಸುಮ್ಮನೆ ಕೂತಿದೆ,
ಹಗ್ಗ ಬಿಗಿದ ರಟ್ಟಿನ ಡಬ್ಬ, ಗೊಜ್ಜಿನ ವಾಸನೆ.
ನನ್ನ ಹೆಸರು ಎತ್ತಲಿಲ್ಲ ಅವನು.
ಡಬ್ಬದ ಯಜಮಾನತಿಗೆ ಏನು ಹೇಳಿದನೋ,
ಮರುದಿನದ ವಿಮಾನಕ್ಕೆ ತಾನೇ ಕಾದು ನಿಂತು
ಮನೆತನಕ ಕೊಟ್ಟು ಬಂದನಂತೆ.
'ಒಂದ್ ಚಮಚ ತಿನಿಸಿದ್ರು ನೋಡ್ರಿ,
ನಿಮ್ಮೂರ ಹುಣಸಿಹಣ್ಣು ಭಾಳ ಸಿಟ್ಟಿಂದು.'

ಸೀಟು ತುಂಬುತ್ತಿಲ್ಲವೆಂದು
ಒಂದು ಶನಿವಾರ ಗೋಡೆಗೆ ಕಾಗದ ಅಂಟಿಸಿದರು.
ಕೊನೆಯ ದಿನ ಒಂಬತ್ತು ಜನ, ಆರು ಪೆಟ್ಟಿಗೆ.
'ಬುಟ್ತು' ಎಂದೆ.
ಒಂದು ಗಂಟೆ ನಾಲ್ಕು ನಿಮಿಷಕ್ಕೇ 'ಬಂತ್ರೀ' ಎಂದ,
ಗಾಳಿಗೇನು ಅವಸರವಿತ್ತೋ ಅವತ್ತು.
ಆಮೇಲೆ ಇಬ್ಬರೂ ಫೋನು ಇಡಲಿಲ್ಲ,
ಮಾತೂ ಆಡಲಿಲ್ಲ;
ಅವನ ಕಡೆ ಯಾರೋ ಟ್ರಾಲಿ ಎಳೆಯುವ ಸದ್ದು.

ಹುಬ್ಬಳ್ಳಿ ಈಗ ಮತ್ತೆ
ಸಂಜೆ ಹತ್ತಿದರೆ ಬೆಳಗ್ಗೆ ಇಳಿಯುವ ಊರು.
ಮಧ್ಯೆ ಒಂದು ರಾತ್ರಿ ಇದೆ, ಹೊದಿಕೆ ಬೇಕು,
ರಜೆ ಕೇಳಬೇಕು.
ಇನ್ನೂ ಕೇಳಿಲ್ಲ ನಾನು.

ನಿನ್ನೆ ಹನ್ನೊಂದರ ಸುಮಾರಿಗೆ ಅವನೇ ಮಾಡಿದ:
'ಏನ್ ಬಿಟ್ರಿ ಇವತ್ತ?'
ತಲೆ ಎತ್ತಿ ನೋಡಿ ಹೇಳಿದೆ,
'ಎರಡು ಮೋಡ ಕಣಣ್ಣ. ಒಂದು ತೊಟ್ಲಿನಂಗದೆ.'
'ಬಿಡ್ರಿ, ಬರ್ಲಿ.'

ಒಂದು ಗಂಟೆ ಹತ್ತು ನಿಮಿಷ ಕಾದೆ. ಇನ್ನೂ ಹತ್ತು.
ಸಂಜೆಯಾಯಿತು, ನವಿಲುಗಳೂ ಹೋದವು.
ಇವತ್ತು ಬೆಳಗ್ಗೆ ಹಲ್ಲುಜ್ಜುತ್ತಿದ್ದಾಗ ಫೋನು:
'ಒಂದ ಬಂತ್ರೀ ಚೆಲುವಣ್ಣಾರ.
ತೊಟ್ಟಲಾ ಹಾವೇರ್ಯಾಗ ಇಳದಿರಬೇಕು,
ಅಲ್ಲೆ ಮಳಿ ಅಂತ.'