ಅರ್ಕಾವತ್ತಿನ ವರದಿ

ಈ ತಿಂಗಳು ಗೀಜಗ ಇಷ್ಟು ಕಲಿತಿದೆ:
ಕೋಷ್ಟಕದೊಳಗೆ ಕೋಷ್ಟಕ ಕೂರಿಸಲು,
ಚಿತ್ರ ಬರುವ ಮೊದಲೇ ಅದಕ್ಕೊಂದು ಜಾಗ ಹಿಡಿದಿಡಲು,
ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದಂತೆ,
ಮುಚ್ಚಿದ ಪುಟವನ್ನು ನಿಜವಾಗಿಯೂ ಮರೆಯಲು.
ಪರೀಕ್ಷೆಯಲ್ಲಿ ನೂರಕ್ಕೆ ಎಂಬತ್ತೇಳಿತ್ತು, ಎಂಬತ್ತೊಂಬತ್ತಾಗಿದೆ.
ಆ ಎರಡರಲ್ಲಿ ಒಂದು ಚೂರು,
ಕಣ್ಣಿಗೆ ಬಿದ್ದರೆ ಉಜ್ಜಿಕೊಳ್ಳುವಷ್ಟು ಚೂರು,
ಸಂತೆಹೊಂಡದ ಹತ್ತಿರದ ಈ ಅಂಗಡಿಯದು.

ಹಗಲು ಇಲ್ಲಿ ಲಗ್ನಪತ್ರಿಕೆ, ಗೃಹಪ್ರವೇಶ,
ಶ್ರದ್ಧಾಂಜಲಿಯ ಫ್ಲೆಕ್ಸು.
ಅರ್ಧ ಶಟರ್ ಎಳೆದ ಮೇಲೆ ಗೀಜಗ:
ಯಾರದೂ ಅಲ್ಲದ,
ಯಾರು ಬೇಕಾದರೂ ಒಂದು ಕಡ್ಡಿ ತಂದು ಸಿಕ್ಕಿಸಬಹುದಾದ
ಬ್ರೌಸರಿನ ಇಂಜಿನ್ನು.
ಸಂಬಳವಿಲ್ಲ. ಬೈಗುಳವುಂಟು, ಬಹಳ ಸಭ್ಯವಾದದ್ದು.

ನನಗೆ ಸಿಕ್ಕ ತಪ್ಪು ಊರಿನ ಹೆಸರಲ್ಲೇ ಇತ್ತು.
ಸಾಲಿನ ತುದಿಗೆ ಬಂದರೆ ಸಾಕು
ಚಿತ್ರದುರ್
ಗ
ಎಂದು ಮುರಿದು ಬೀಳುತ್ತಿತ್ತು.
ಕೋಟೆಗೆ ಏಳು ಸುತ್ತು,
ಹೆಸರಿಗೆ ಒಂದು ಮೋಟುಗೋಡೆಯೂ ಇಲ್ಲ.

ಹನ್ನೊಂದು ಸಾಲು ಬರೆದು ಕಳಿಸಿದೆ.
ದೂರದ ದೇಶದ ಪರಿಶೀಲಕಿ ಕೇಳಿದಳು:
ನುಡಿಯುವಾಗ ಮೊದಲು ಬರುವ ರಕಾರ
ಬರೆಯುವಾಗ ಯಾಕೆ ಕೊನೆಗೆ?
ಇದು ನಿಯಮವೋ, ನಿಮ್ಮೂರಿನ ಚಾಳಿಯೋ?

ಎರಡು ದಿನ ಉತ್ತರ ಹೊಳೆಯಲಿಲ್ಲ.
ಮೂರನೇ ದಿನ ಪಾಲಯ್ಯಜ್ಜ ಬಂದ,
ಮೊಮ್ಮಗಳ ನಾಮಕರಣದ ಕಾರ್ಡಿಗೆ.
ನಲವತ್ತು ವರ್ಷ ಮೊಳೆ ಜೋಡಿಸಿದ ಬೆರಳು.
ತೋರಿಸಿದೆ. ನಕ್ಕ.
"ಅರ್ಕ ಎಲ್ರಿಗಿಂತ ಮೊದ್ಲೇ ಮನೆ ಬಿಟ್ಟ ನೆಂಟ ಕಣವ್ವಾ.
ದಾರಿಯಾಗೆ ಎಲ್ರನ್ನೂ ಮಾತಾಡಿಸ್ಕಂಡು
ಪಂಕ್ತಿಯ ಕೊನೇ ಎಲೆಗೆ ಬಂದು ಕೂರ್ತಾನೆ.
ಬರ್ಲಿಲ್ಲ ಅಂತ ಎಲೆ ಎತ್ತಬಾರ್ದು."

ಅರ್ಕದ ಮೊಳೆ ತೀರಿದರೆ
ಒಂಬತ್ತನ್ನೇ ತಂದು ಕೂರಿಸುತ್ತಿದ್ದರಂತೆ,
ಎರಡಕ್ಕೂ ಒಂದೇ ಬಾಲ.
ಬಂತು ನೋಡು ೧೯೯೯,
ಒಂದೊಂದು ಪತ್ರಿಕೆಯೂ ಮೂರು ಮೂರು ಒಂಬತ್ತು ನುಂಗಿ
ಇಡೀ ವರ್ಷ ದುರ್ಗಕ್ಕೆ
ಒಂಬತ್ತೂ ಇಲ್ಲ, ಅರ್ಕವೂ ಇಲ್ಲ.
"ಯಾರೂ ಕೇಳ್ಲಿಲ್ಲ. ಓದೋರು ಓದ್ಕಂಡ್ರು."

ಇದನ್ನು ಇಂಗ್ಲಿಷಿಗೆ ತಿರುಗಿಸಿದೆ.
ನೆಂಟ ಉಳಿದ, ಎಲೆ ಹೋಯಿತು.
ಅಷ್ಟರಲ್ಲಿ ಖ್ಮೇರ್ ಬರೆಯುವವನೊಬ್ಬ ಬಂದು
ನಮ್ಮಲ್ಲೂ ಅಕ್ಷರದ ಕಾಲಿಗೆ ಅಕ್ಷರ ಜೋತುಬೀಳುತ್ತದೆ,
ನಿನ್ನ ಹನ್ನೊಂದು ಸಾಲು ಅದನ್ನು ಕೆಡಿಸುತ್ತಿದೆ ಎಂದ.
ಕೆಡಿಸುತ್ತಿತ್ತು, ನಿಜ.
ಕನ್ನಡಕ್ಕೆಂದೇ ಬರೆದದ್ದೆಲ್ಲ ಅಳಿಸಿ
ಅಕ್ಷರವೆಂದರೆ ಎಲ್ಲಿಂದ ಎಲ್ಲಿಗೆ ಎಂದು
ಒಂದನೇ ತರಗತಿಯಿಂದ ಕೇಳಿಕೊಂಡೆ.
ಉಳಿದದ್ದು ನಾಲ್ಕು ಸಾಲು.
ಜೋಗಿಮಟ್ಟಿಯ ಕಡೆ ಗಾಳಿಯಂತ್ರ ತಿರುಗುತ್ತಲೇ ಇದ್ದವು,
ಅಂಗಡಿಯಲ್ಲಿ ಕರೆಂಟಿರಲಿಲ್ಲ.
ಮೊಬೈಲಿನ ಬೆಳಕಲ್ಲಿ ಕಳಿಸಿದೆ.

ಸೋಮವಾರ ಒಪ್ಪಿಕೊಂಡರು.
ಮಂಗಳವಾರ ಹೊಸ ಗೀಜಗ ಇಳಿಸಿಕೊಂಡು
ಕಿಟಕಿಯನ್ನು ಕಿರಿದು ಮಾಡುತ್ತ ಹೋದೆ,
ಇನ್ನೂ ಕಿರಿದು.
ತುದಿಯಲ್ಲಿ ಒಂದು ಗಳಿಗೆ ನಿಂತು,
ಜಾಗ ಸಾಲದೆಂದು ಕಂಡು,
ಊರು ಇಡಿಯಾಗಿ ಕೆಳಗಿನ ಸಾಲಿಗೆ ಇಳಿಯಿತು
ಅರ್ಕಾವತ್ತನ್ನು ಕಂಕುಳಲ್ಲಿಟ್ಟುಕೊಂಡು.

ಕರೆಂಟ್ ಬಿಲ್ಲಿನ ಪುಟ ತೆರೆದರೆ ಗೀಜಗ ಇನ್ನೂ ಸಾಯುತ್ತದೆ.
ಬ್ಯಾಂಕು ಅದನ್ನು ಬ್ರೌಸರೆಂದೇ ನಂಬುವುದಿಲ್ಲ.

ಪಾಲಯ್ಯಜ್ಜ ಭೂತಗನ್ನಡಿ ತೆಗೆದ,
ಪರದೆಗೆ ಮೂಗು ತಾಗಿಸಿದ.
"ದುರ್ಗ ಸರಿ ಐತೆ.
ಆದ್ರೆ ಚಿತ್ರದ ಒತ್ತು ಕೆಳಗಿನ ಸಾಲಿನ ತಲೆ ತುಳೀತೈತೆ.
ನಡುವೆ ಒಂದು ಸೀಸದ ಪಟ್ಟಿ ಹಾಕ್ಬೇಕಿತ್ತು."

ನೋಡಿದೆ. ತುಳಿಯುತ್ತಿತ್ತು.
ಹೊಸ ದೂರು ಬರೆಯಲು ಕೂತು
ಕಂಡುಹಿಡಿದವರ ಜಾಗದಲ್ಲಿ ನಿನ್ನ ಹೆಸರು ಹಾಕಲಾ ಅಜ್ಜ ಅಂದರೆ
"ಮೊದ್ಲು ಕಾರ್ಡು ಮುಗ್ಸು ಶಾಹಿದಾ,
ತೊಟ್ಲು ಶುಕ್ರವಾರ ಐತೆ."